ಅಕ್ಕನ ಸೋಮವಾರಗಳು

ಚರ್ಚಿನಲ್ಲಿ ಪ್ರಸಂಗ ಕೇಳಿ ಹೆದರುವ ಜನರನ್ನು ನೀವು ನೋಡಿರಬಹುದು. ಪ್ರಸಂಗ ಹೇಳುವುದಕ್ಕೇ ಹೆದರುವ ಪಾಸ್ಟರನ್ನು ನೋಡಿದ್ದೀರಾ? ಇಲ್ಲವಾದರೆ ಸಿಂಧನೂರಿಗೆ ಬನ್ನಿ! ಪ್ರತಿ ಶನಿವಾರ ಸಂಜೆ ನಮ್ಮ ಚರ್ಚಿನ ಪಾಸ್ಟರ್ ಬೈಕು ಹತ್ತಿ ಗೊರೇಬಾಳದ ನಮ್ಮ ಮನೆಗೆ ಬರುತ್ತಾರೆ. ಬಾಗಿಲಲ್ಲೇ ನಿಂತು ಒಳಗೆ ಇಣುಕಿ, ದನಿ ತಗ್ಗಿಸಿ ನನ್ನನ್ನು ಕೇಳುತ್ತಾರೆ:

“ಕಾಕಾರ, ನಾಳಿ ಯಾವ ವಾಕ್ಯ ಹೇಳಿದ್ರ ಯಾರಿಗೂ ಅಪಾಯ ಇಲ್ಲ?”

ಅವರು ಇಣುಕುವುದು ನಮ್ಮಕ್ಕ ಎಲ್ಲಿದ್ದಾಳೆ ಎಂದು ನೋಡಲಿಕ್ಕೆ!

ನಮ್ಮಕ್ಕನಿಗೆ ಒಂದು ವಿಚಿತ್ರ ಕಾಯಿಲೆ. ಕೇಳಿದ್ದನ್ನು ಮಾಡಿಬಿಡುತ್ತಾಳೆ. ನೀವೇ ಹೇಳಿ, ಪ್ರಸಂಗ ಎನ್ನುವುದು ಮಾಡುವ ವಸ್ತುವೇ? ನಾವೆಲ್ಲ ಮಾನವಂತರು. ಭಾನುವಾರ ಪ್ರಸಂಗ ಕೇಳುತ್ತೇವೆ, ತಲೆಯಾಡಿಸುತ್ತೇವೆ, “ಭಾಳ ಚೊಲೊ ಹೇಳಿದ್ರಿ” ಎಂದು ಪಾಸ್ಟರ ಕೈ ಕುಲುಕುತ್ತೇವೆ. ಹೊರಗೆ ಚಪ್ಪಲಿ ಹುಡುಕುವಾಗ ಅರ್ಧ ಮರೆತಿರುತ್ತೇವೆ, ಮಿರ್ಚಿ ಮಂಡಾಳದ ಅಂಗಡಿ ಮುಟ್ಟುವಷ್ಟರಲ್ಲಿ ಉಳಿದರ್ಧ. ಅಕ್ಕನದು ಹಾಗಲ್ಲ. ಭಾನುವಾರ ಕೇಳಿದ್ದು ಸೋಮವಾರ ಬೆಳಿಗ್ಗೆ ಜಾರಿಗೆ ಬರಲೇಬೇಕು. ಸರ್ಕಾರದ ಯಾವ ಯೋಜನೆಯೂ ಇಷ್ಟು ಬೇಗ ಜಾರಿಗೆ ಬಂದದ್ದು ನಾನು ಕಂಡಿಲ್ಲ!

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನನಗೇ ಎಪ್ಪತ್ತು ದಾಟಿದೆ. ಲಿಂಗಸುಗೂರಿನಲ್ಲಿ ಗಂಡನ ಮನೆ. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವಳನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಒಂದು ಟ್ರಂಕು, ಒಂದು ಊರುಗೋಲು ತಂದಳು. ಸೋಮವಾರಗಳನ್ನೂ ತರುತ್ತಾಳೆಂದು ನನಗೇನು ಗೊತ್ತಿತ್ತು?

ಬಂದ ಹೊಸದರಲ್ಲಿ ಪಾಸ್ಟರ್ ಹೇಳಿದರು: ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಒಳ್ಳೆಯ ಮಾತು. ನಾನೂ ತಲೆಯಾಡಿಸಿದೆ. ಸೋಮವಾರ ಬೆಳಿಗ್ಗೆ ಅಕ್ಕ ನನ್ನ ಅಲಮಾರಿ ತೆರೆದು ನಿಂತಿದ್ದಳು.

“ತಮ್ಮಾ, ನಿನಗ ಎರಡು ಚಾಳೀಸು ಅದಾವಲ್ಲ?”

“ಅಕ್ಕಾ, ಪಾಸ್ಟರ್ ಹೇಳಿದ್ದು ಅಂಗಿ!”

“ಅಂಗಿ ಇಲ್ಲದವ ಸಿಂಧನೂರಾಗ ಯಾರೂ ಸಿಗಲಿಲ್ಲಲೇ. ಕಣ್ಣು ಕಾಣದವರು ಭಾಳ ಮಂದಿ ಅದಾರ.”

ನನ್ನ ಎರಡನೇ ಕನ್ನಡಕ ಸಿಂಧನೂರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ ಒಬ್ಬ ಮುದುಕನ ಮೂಗೇರಿತು. ಅವನು ಹಾಕಿಕೊಂಡು ಸುತ್ತ ನೋಡಿ, “ಯಪ್ಪಾ! ಬಸ್ಸಿನ ಹಣೀ ಮ್ಯಾಲ ಊರಿನ ಹೆಸರು ಬರದಿರ್ತಾರೇನು? ನಾ ಇಷ್ಟು ದಿನ ಕಂಡಕ್ಟರನ ದನಿ ಕೇಳಿ ಹತ್ತತಿದ್ದೆ!” ಎಂದು ಕುಣಿದಾಡಿದನಂತೆ. ಸರಿ, ಪುಣ್ಯ ಬಂತು. ಮುಂದಿನ ವಾರವೇ ನಾನು ನನ್ನ ಉಳಿದೊಂದು ಕನ್ನಡಕದ ಮೇಲೆ ಕೂತೆ. ಹೊಸದು ಬರುವ ತನಕ ಲೋಕವೆಲ್ಲ ಮಂಜು. ಮಸ್ಕಿಗೆ ಹೋಗಬೇಕಾಗಿತ್ತು. ಕಟ್ಟೆಯ ಬಳಿ ಕಂಡ ಆಕಾರವನ್ನು, “ಅಣ್ಣಾ, ಇದು ಯಾವೂರ ಬಸ್ಸು?” ಎಂದು ಕೇಳಿದೆ. ಆ ಮುದುಕ ನನ್ನದೇ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು, “ಮುದಗಲ್ ಬಸ್ಸಪಾ ಇದು. ವಯಸ್ಸಾದ ಮ್ಯಾಲ ಒಂದು ಚಾಳೀಸು ಮಾಡಿಸ್ಕೋಬೇಕು, ಹಿಂಗ ಮಂದೀನ್ನ ಕೇಳ್ಕೋತ ತಿರುಗಬಾರದು” ಎಂದು ನನಗೇ ಬುದ್ಧಿ ಹೇಳಿದ!

ಇನ್ನೊಂದು ಭಾನುವಾರ, ಸೆರೆಯಲ್ಲಿರುವವರನ್ನು ನೋಡಲು ಹೋಗಬೇಕು ಎಂಬ ಮಾತು ಬಂತು. ಸೋಮವಾರ ಅಕ್ಕ ನಸುಕಿನಲ್ಲೇ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿಕೊಂಡು, ನನ್ನನ್ನು ಎಳೆದುಕೊಂಡು ಲಿಂಗಸುಗೂರಿನ ಜೈಲಿನ ಬಾಗಿಲಿಗೆ ಹೋದಳು.

“ಯಾರನ್ನ ನೋಡ್ಬೇಕಬೇ ಅಮ್ಮಾ?” ಎಂದ ಕಾವಲಿನವನು.

“ಯಾರಾದ್ರೂ ನಡಿತೈತಿ!”

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

“ಹಂಗ ಬಿಡಾಕ ಬರಂಗಿಲ್ಲಮ್ಮ. ಹೆಸರು ಬೇಕು, ಸಂಬಂಧ ಬೇಕು.”

“ಸಂಬಂಧಕ್ಕೇನು, ಎಲ್ಲಾರೂ ಅಣ್ಣತಮ್ಮಂದಿರ. ಹೆಸರು ಅವರನ್ನ ಕೇಳಿ ಹೇಳ್ತೀನಿ, ಒಳಗ ಬಿಡು.”

ಬಿಡಲಿಲ್ಲ. ಬಿಡುತ್ತಾರೆಯೇ? ಆದರೆ ಅಕ್ಕ ರೊಟ್ಟಿಯ ಗಂಟನ್ನು ವಾಪಸು ತರುವವಳಲ್ಲ. ಬೇವಿನ ನೆರಳಲ್ಲಿ ಕೂತು ಗಂಟು ಬಿಚ್ಚಿ ಆ ಕಾವಲಿನವನನ್ನೇ ಕರೆದಳು. “ಮುಂಜಾನಿಂದ ಸಂಜಿತನಕ ನೀನೂ ಈ ಗ್ವಾಡಿ ಬಿಟ್ಟು ಹೋಗಂಗಿಲ್ಲ ಹೌದಿಲ್ಲೋ? ಮತ್ತ ನಿನಗೂ ಅವರಿಗೂ ಏನ್ ಫರಕಪಾ? ಬಾ, ಉಣ್ಣು.” ಅವನು ಒಮ್ಮೆ ಜೈಲಿನ ಬಾಗಿಲ ಕಡೆ ನೋಡಿದ. ಆಮೇಲೆ ಬಂದು ಉಂಡ. ಉಂಡು, “ಖರೇ ಹೇಳಿದಿಬೇ ಯವ್ವಾ” ಎಂದು ಕಣ್ಣೊರೆಸಿಕೊಂಡ. ಚಟ್ನಿಯ ಖಾರ ಅಂತ ನಾನು ಅಂದುಕೊಂಡೆ.

ಇವೆಲ್ಲ ನಗುವ ಮಾತು. ನಗು ಬಾರದ ಸೋಮವಾರಗಳೂ ಇದ್ದವು.

ಸುಳ್ಳು ಸಾಕ್ಷಿ ಹೇಳಬಾರದು ಎಂಬ ಪ್ರಸಂಗದ ದಿನ ನಾನು ಬಹಳ ನಿಶ್ಚಿಂತೆಯಿಂದಿದ್ದೆ. ಕೋರ್ಟು ಕಟ್ಟೆ ಹತ್ತಿದವನಲ್ಲ ನಾನು, ನನಗ್ಯಾವ ಸಾಕ್ಷಿ? ಸೋಮವಾರ ಅಕ್ಕ ನನ್ನ ಮೊಬೈಲು ತೋರಿಸಿ ಕೇಳಿದಳು:

“ಮೊನ್ನಿ ಏನೋ ಓದಿ ಹೇಳಿದ್ಯಲ್ಲ, ಹಣ್ಣು ಮಾರೋ ಸಾಬರು ಹಣ್ಣಿಗೆ ಏನೋ ಹಚ್ಚತಾರಂತ. ಅದನ್ನ ನೀ ಕಣ್ಣಿಲೆ ಕಂಡಿಯೇನು?”

“ಇಲ್ಲಬೇ. ಯಾರೋ ಕಳಿಸಿದ್ರು. ನಾ ಬರೇ ಮುಂದ ಕಳಿಸೀನಿ.”

“ಕಾಣದ್ದನ್ನ ಕಂಡಂಗ ಮುಂದ ಕಳಿಸೋದಕ್ಕ ಏನಂತಾರ?”

ನಾನು ಮೊಬೈಲು ಜೇಬಿಗೆ ಹಾಕಿಕೊಂಡೆ. ಸಿಂಧನೂರಿನಲ್ಲಿ ಗಾಂಧಿ ವೃತ್ತದ ಆಚೆ ಒಂದು ಹಣ್ಣಿನ ಗಾಡಿ. ವರ್ಷಾನುಗಟ್ಟಲೆ ನಾನು ಪಪ್ಪಾಯಿ ಕೊಳ್ಳುವುದು ಅಲ್ಲೇ. ಗಾಡಿಯವನು ನನಗೆ ಚಾಚಾ ಅನ್ನುತ್ತಾನೆ. ಅಕ್ಕ ನನ್ನನ್ನು ಅಲ್ಲಿ ನಿಲ್ಲಿಸಿ, ಒಂದಿಡೀ ಪಪ್ಪಾಯಿ ಕೊಯ್ಯಿಸಿ, ಜನರೆದುರಿಗೆ ತಿನ್ನಿಸಿದಳು. “ಈಗ ಹೇಳು” ಎಂದಳು. ನಾನು ತೊದಲುತ್ತ, ಇಂಥದ್ದೊಂದು ಸುದ್ದಿ ಬಂದಿತ್ತಪಾ, ತಿಳಿಯದೆ ನಾಲ್ಕು ಮಂದಿಗೆ ಕಳಿಸಿಬಿಟ್ಟೆ ಎಂದೆ.

ಅವನು ಚಾಕು ಒರೆಸುತ್ತ ನಕ್ಕ. “ಗೊತ್ತೈತಿ ಚಾಚಾ. ನನಗೂ ಬಂದಿತ್ತು. ನಿಮ್ಮ ಫೋನಿಂದಾನ ಬಂದಿತ್ತು.”

ಮಾವಿನ ಹಂಗಾಮಿನಲ್ಲಿ ವಿಚಾರಿಸಲೆಂದು ಅವನ ನಂಬರು ಇಟ್ಟುಕೊಂಡಿದ್ದೆ. ಎಲ್ಲರಿಗೂ ಕಳಿಸುವಾಗ ಅವನಿಗೂ ಕಳಿಸಿದ್ದೆ! ಅದಾದ ಮೇಲೂ ಅವನು ನನಗೆ ಎಷ್ಟೋ ಹಣ್ಣು ಆರಿಸಿ ಕೊಟ್ಟಿದ್ದ. ಆ ಪಪ್ಪಾಯಿ ಸಿಹಿಯಾಗಿತ್ತೋ ಸಪ್ಪಗಿತ್ತೋ ಈಗಲೂ ನೆನಪಾಗುವುದಿಲ್ಲ.

ಇನ್ನು ನನ್ನ ಪೈಪಿನ ವಿಷಯ ಹೇಳಲೇಬೇಕು. ಮುದಗಲ್ಲಿನ ಕ್ಯಾಥೊಲಿಕರಿಗೆ ಒಂದು ಅನುಕೂಲವಿದೆ. ತಪ್ಪನ್ನು ಪಾದ್ರಿಯೊಬ್ಬರ ಕಿವಿಯಲ್ಲಿ ಉಸುರಿ ಮುಗಿಸಬಹುದು. ನಮ್ಮ ಪಂಗಡದಲ್ಲಿ ಆ ಪದ್ಧತಿ ಇಲ್ಲ, ಆದ್ದರಿಂದ ನಿಮ್ಮೆಲ್ಲರ ಕಿವಿಯಲ್ಲಿ ಹೇಳುತ್ತಿದ್ದೇನೆ. ಗೊರೇಬಾಳದಲ್ಲಿ ನನ್ನ ಗದ್ದೆ ಕಾಲುವೆಗೆ ಹತ್ತಿಕೊಂಡೇ ಇದೆ. ತೂಬಿನಿಂದ ನನ್ನ ಪಾಲಿನ ನೀರು ಬರುತ್ತದೆ. ಅದು ಸಾಲದೆಂದು ಕಾಲುವೆಯ ಏರಿಯೊಳಗೆ ಒಂದು ಪೈಪು ಹೂತಿದ್ದೆ. ಮೇಲೆ ಜಾಲಿಮುಳ್ಳು ಹೊದಿಸಿದ್ದೆ. ನಮ್ಮ ಕಡೆ ಇದನ್ನು ಕಳವು ಎಂದು ಯಾರೂ ಅನ್ನುವುದಿಲ್ಲ. “ಅವರದೊಂದು ಪೈಪು ಐತಿ” ಅನ್ನುತ್ತಾರೆ, “ಅವರಿಗೆ ಸಕ್ಕರಿ ಕಾಯಿಲೆ ಐತಿ” ಎಂದ ಹಾಗೆ. ಬಹಳ ಮಂದಿಗೆ ಇದೆ. ಚರ್ಚಿಗೆ ಬರುವ ರೈತರಿಗೂ ಇದೆ. ಬರದವರಿಗೂ ಇದೆ.

ಒಂದು ಶನಿವಾರ ಪಾಸ್ಟರ್ ಬಂದು, “ಕಾಕಾರ, ನಾಳಿ ನೆರೆಯವರನ್ನ ಪ್ರೀತಿಸ್ರಿ ಅಂತ ಹೇಳ್ತೀನಿ. ಏನೂ ತ್ರಾಸಿಲ್ಲಲ್ಲ?” ಎಂದರು. ನಾನು ಯೋಚಿಸಿದೆ. ನಮ್ಮ ನೆರೆಮನೆಯವರು ಸಾಧು ಜನ, ಕರಿಬೇವು ಕೇಳಿದರೆ ಟೊಂಗೆಯನ್ನೇ ಮುರಿದು ಕೊಡುತ್ತಾರೆ. “ಧೈರ್ಯದಿಂದ ಹೇಳ್ರಿ!” ಎಂದೆ. ನನ್ನ ಬಾಯಿಂದಲೇ ಅಪ್ಪಣೆ ಕೊಟ್ಟೆ, ಕೇಳಿ!

ಸೋಮವಾರ ಅಕ್ಕ ಕೇಳಿದಳು: “ತಮ್ಮಾ, ನಮ್ಮ ಗದ್ದಿ ದಾಟಿ ಕಾಲುವಿ ನೀರು ಯಾವ ಕಡಿ ಹೋಗತೈತಿ?”

“ಮಸ್ಕಿ ಕಡಿ.”

“ಹಂಗಾರ ನಮ್ಮ ನೆರೆಯವರು ಆ ಕಡಿ ಅದಾರ. ಆಟೋ ಕರಿ, ನೋಡ್ಕೊಂಡು ಬರೋಣು.”

ಕಾಲುವೆಯ ಗುಂಟ ಆಟೋ ಇಳಿಯುತ್ತ ಹೋಯಿತು. ನಮ್ಮ ಹತ್ತಿರ ಆಳು ಮುಳುಗುವ ನೀರು. ಸ್ವಲ್ಪ ಮುಂದೆ ಎದೆಯುದ್ದ. ಆಮೇಲೆ ಎಮ್ಮೆಯ ಹೊಟ್ಟೆ ತೋಯುವಷ್ಟು. ಆಮೇಲೆ ಕೊಕ್ಕರೆಯ ಕಾಲು ತೋಯುವಷ್ಟು. ಇನ್ನೂ ಮುಂದೆ ಹೋದರೆ ಕಾಲುವೆಯ ತಳದಲ್ಲಿ ಆಡುಗಳು ಮಲಗಿ ಮೆಲುಕು ಹಾಕುತ್ತಿದ್ದವು! ಅಲ್ಲಿ ಆಟೋ ನಿಲ್ಲಿಸಿದೆವು. ಒಬ್ಬ ಹೆಣ್ಣುಮಗಳು ಗದ್ದೆಯ ಬದುವಿನ ಮೇಲೆ ನಿಂತಿದ್ದಳು. ಹೆಸರು ಹುಸೇನಬೀ. ನಲವತ್ತರ ಆಸುಪಾಸು. ಹಿಂದೆ ಅವಳ ಭತ್ತ, ತಡವಾಗಿ ನಾಟಿ ಮಾಡಿದ್ದು, ಇನ್ನೂ ಮೊಣಕಾಲುದ್ದ ಬಂದಿತ್ತು. ನೆಲ ಮಾತ್ರ ಬಿರಿದಿತ್ತು.

ಬಿಸಿಲಿಗೆ ಅಕ್ಕನಿಗೆ ತಲೆ ಸುತ್ತಿತು. ಸಿಂಧನೂರಿನ ಡಾಕ್ಟರು ಅವಳ ಹೃದಯ ದಣಿದಿದೆ ಎಂದು ಮೊದಲೇ ಹೇಳಿದ್ದರು. ಹುಸೇನಬೀ ಓಡಿ ಬಂದು ಅಕ್ಕನನ್ನು ಹಿಡಿದುಕೊಂಡು, ನೆರಳಿಗೆ ಕೂಡಿಸಿ, ತನ್ನ ಕೊಡದಿಂದ ನೀರು ಕುಡಿಸಿದಳು. ನನಗೂ ಒಂದು ಚೊಂಬು ಕೊಟ್ಟಳು.

“ನೀರು ಬಂದಿಲ್ಲೇನವಾ ಈ ಕಡಿ?” ಎಂದಳು ಅಕ್ಕ.

“ಎಲ್ಲಿ ಬರ್ತಾವಬೇ ಅಮ್ಮಾ, ಮ್ಯಾಲಿನವರು ಬಿಟ್ರ ಅಲ್ಲೇನು?”

“ಮ್ಯಾಲಿನವರಂದ್ರ ದೇವರೇನು?”

“ಅಯ್ಯ, ದೇವರಾದ್ರ ಒಮ್ಮಿಲ್ಲಾ ಒಮ್ಮಿ ಬಿಡ್ತಾನ! ಗೊರೇಬಾಳ ಕಡಿಯವರು! ಏರಿ ತುಂಬ ಪೈಪು ಹಾಕ್ಯಾರ. ಅವರ ಗಂಟಲಿಗೆ ನೀರು ಇಳಿಬಾರದು ನೋಡು!”

ನನ್ನ ಗಂಟಲಲ್ಲಿ ಅವಳದೇ ನೀರಿತ್ತು. ಇಳಿಯಲೇ ಇಲ್ಲ! ಕೆಮ್ಮಿದೆ. “ನಿಮ್ಮದು ಯಾವೂರ್ರಿ ಅಜ್ಜಾರ?” ಎಂದಳು ಅವಳು, ನನ್ನ ಬೆನ್ನು ತಟ್ಟುತ್ತ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನು ಹೇಳಿದೆ ಗೊತ್ತೇ? ಗೊರೇಬಾಳದಲ್ಲಿ ಹುಟ್ಟಿ, ಗೊರೇಬಾಳದಲ್ಲಿ ಬೆಳೆದು, ಗೊರೇಬಾಳದ ಮಣ್ಣಿಗೇ ಹೋಗಬೇಕಾದ ಈ ಮುದುಕ ಹೇಳಿದ್ದು:

“ನಾವು ಲಿಂಗಸುಗೂರು ಕಡಿಯವರವಾ. ಈ ಗೊರೇಬಾಳ ಅನ್ನೋದು ಎಲ್ಲಿ ಬರತೈತಿ?”

ವಾಪಸು ಬರುವಾಗ ಆಟೋದಲ್ಲಿ ಅಕ್ಕ ಕಾಲುವೆಯನ್ನೇ ನೋಡುತ್ತ ಕೂತಳು. ಮನೆಗೆ ಬಂದು, ಊರುಗೋಲು ಗೋಡೆಗೆ ಆನಿಸಿ, ಮೆಲ್ಲಗೆ ಹೇಳಿದಳು:

“ತಮ್ಮಾ, ನಾ ನಿನ್ನ ಗದ್ದಿ ಅನ್ನ ಉಣ್ಣಾಕತ್ತೀನಿ. ಈ ವಯಸ್ಸಿನ್ಯಾಗ ಅದನ್ನ ಬಿಟ್ಟು ಎಲ್ಲಿ ಹೋಗ್ಲಿ? ಅದಕ್ಕ ಪ್ರಭುಭೋಜನ ಬಿಡ್ತೀನಿ. ಆ ಪೈಪು ತಗದ ಮ್ಯಾಲ ತಗೋತೀನಿ.”

“ಅಕ್ಕಾ, ಪಾಪ ಮಾಡಿದವ ನಾನು. ನೀ ಯಾಕ ಬಿಡ್ತಿಬೇ?”

“ಅನ್ನ ಇಬ್ರೂ ಉಂಡೀವಲ್ಲ.”

ಇಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು!

ಪ್ರಭುಭೋಜನ ಎಂದರೆ ಏನೆಂದು ನಮ್ಮವರಲ್ಲದ ಓದುಗರಿಗೆ ಹೇಳಬೇಕು. ತಿಂಗಳಿಗೊಮ್ಮೆ, ಮೊದಲ ಭಾನುವಾರ, ಚರ್ಚಿನ ವೇದಿಯ ಮುಂದೆ ಮೊಣಕಾಲೂರಿ ತೆಗೆದುಕೊಳ್ಳುವ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಅಕ್ಕನಿಗೆ ಅದು ಉಸಿರು. ಗಂಡ ತೀರಿಕೊಂಡ ವಾರವೂ ಅದನ್ನು ತಪ್ಪಿಸಿದವಳಲ್ಲ. ದಣಿದ ಹೃದಯದ ಹೆಂಗಸು. ಯಾವ ತಿಂಗಳು ಕಡೆಯದೋ ಬಲ್ಲವರಾರು? ಅದಿಲ್ಲದೆಯೇ ಹೋಗಿಬಿಟ್ಟರೆ? ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಚೌಕಾಸಿಗೆ ಇಳಿದೆ!

“ಅಕ್ಕಾ, ಪೈಪಿಗೆ ಅರ್ಧ ಬಿರಡಿ ಬಡಿತೀನಿ.” ಅಕ್ಕ ಸೊಪ್ಪು ಸೋಸುತ್ತ ಕೂತಳು.

“ಆ ಹೆಣ್ಣುಮಗಳಿಗೆ ಒಂದು ಚೀಲ ಅಕ್ಕಿ ಮುಟ್ಟಿಸ್ತೀನಿ.”

“ನೀರು ಕೇಳಿದವರಿಗೆ ಅಕ್ಕಿ ಕೊಡ್ತಿಯೇನು? ಅದೂ ಅವರ ನೀರಿನ ಅಕ್ಕಿ?”

“ಇದೊಂದು ಬೆಳಿ ಕೈಗೆ ಬರ್ಲಿ, ತಗದುಬಿಡ್ತೀನಿ.”

“ಬರ್ಲಿ.”

ಮೊದಲ ಭಾನುವಾರ ಬಂತು. ಎಲ್ಲರೂ ಎದ್ದು ವೇದಿಯ ಕಡೆ ನಡೆದರು. ಅಕ್ಕ ಕೂತೇ ಇದ್ದಳು. ನಾನು? ನಾನು ಹೋಗಿ ಮೊಣಕಾಲೂರಿ ಕೈ ಚಾಚಿದೆ, ತೆಗೆದುಕೊಂಡೆ, ಬಾಯೊರೆಸಿಕೊಂಡು ಬಂದೆ! ಮುಂದಿನ ತಿಂಗಳೂ ಅಷ್ಟೇ. ಕದ್ದವನು ಉಂಡ, ಕದಿಯದವಳು ಉಪವಾಸ. ಆಗ ನನಗೆ ನಾಚಿಕೆಯಾಗಲಿಲ್ಲ ಎಂದಲ್ಲ, ಆಯಿತು. ಆದರೆ ಭತ್ತ ಬಹಳ ಚೆನ್ನಾಗಿ ಬಂದಿತ್ತು.

ಮನೆಯಲ್ಲಿ ಸೋಮವಾರಗಳು ನಿಂತುಹೋದವು. ಅಕ್ಕ ಏನೂ ಮಾಡಲಿಲ್ಲ. ಯಾರ ಮನೆಗೂ ಹೋಗಲಿಲ್ಲ, ಏನನ್ನೂ ದಾನ ಮಾಡಲಿಲ್ಲ. “ಅಕ್ಕಾರಿಗೆ ಜ್ವರ ಬಂದಾವೇನು ನೋಡ್ರಿ” ಎಂದು ನನ್ನ ಹೆಂಡತಿ ಹಣೆ ಮುಟ್ಟಿ ನೋಡಿದಳು. ಪಾಸ್ಟರ್ ಅಷ್ಟು ದಿನ ಶನಿವಾರ ಬರುವುದನ್ನೇ ಬಿಟ್ಟಿದ್ದರು. ಊರಿಗೆ ಶಾಂತಿ ಬಂತೆಂದು ತಿಳಿದರು!

ಆಮೇಲೆ ಬಂತು ಸುಗ್ಗಿ ಹಬ್ಬ. ಬೆಳೆಯ ಪ್ರಥಮ ಫಲವನ್ನು ಚರ್ಚಿಗೆ ತಂದು ಒಪ್ಪಿಸುವ ದಿನ. ವೇದಿಯ ಮುಂದೆ ಕುಂಬಳಕಾಯಿ, ಜೋಳದ ತೆನೆ, ಕಾಲು ಕಟ್ಟಿದ ಕೋಳಿ, ತತ್ತಿಯ ಬುಟ್ಟಿ, ಅಕ್ಕಿ ಚೀಲ. ಎಲ್ಲಕ್ಕಿಂತ ದೊಡ್ಡ ಚೀಲ ಯಾರದು? ನನ್ನದೇ! ಮೊದಲು ಕಟಾವಾದ ಮಡಿಯ ಸೋನಾ ಮಸೂರಿ. ಚೀಲದ ಮೇಲೆ ನನ್ನ ಹೆಸರು ಎಲ್ಲರಿಗೂ ಕಾಣುವ ಹಾಗೆ ಮುಂಭಾಗಕ್ಕೆ ತಿರುಗಿಸಿಟ್ಟಿದ್ದೆ. ದೇವರಿಗೆ ಓದಲು ತೊಂದರೆ ಆಗಬಾರದಲ್ಲ! ಹೊರಗೆ ಕಡಾಯಿಯಲ್ಲಿ ಪಲಾವು ಕುದಿಯುತ್ತಿತ್ತು. ಪಲಾವಿನ ಉಸಾಬರಿಯಲ್ಲಿ ಮುಳುಗಿದ್ದ ಪಾಸ್ಟರ್ ಅಂದಿನ ವಾಕ್ಯವನ್ನು ಅಳೆದು ನೋಡಿರಲಿಲ್ಲವೆಂದು ಕಾಣುತ್ತದೆ. ಕಾಣಿಕೆ ತಂದಾಗ, ನಿನ್ನ ಮೇಲೆ ಯಾರಿಗಾದರೂ ಮನಸ್ಸಿನಲ್ಲಿ ಮುನಿಸಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವರೊಂದಿಗೆ ರಾಜಿಯಾಗು, ಆಮೇಲೆ ಬಂದು ಒಪ್ಪಿಸು ಎಂದುಬಿಟ್ಟರು!

ಹಿಂದಿನ ಸಾಲಿನಲ್ಲಿ ಊರುಗೋಲಿನ ಸದ್ದಾಯಿತು.

“ಪಾಸ್ಟರ್, ಈಗ ಹೇಳಿದ್ರಲ್ಲ, ಅದು ಮಾಡಾಕ ಹೇಳಿದ್ದೋ, ಬರೇ ಕೇಳಾಕ ಹೇಳಿದ್ದೋ?”

ಪಾಸ್ಟರ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳುವ ಹಾಗಿಲ್ಲ, ಆ ಪ್ರಸಂಗವೂ ಅವರದೇ! “ಮಾಡಾಕ... ಅಮ್ಮಾರ” ಎಂದರು.

“ತಮ್ಮಾ, ಏಳು.”

ಇಡೀ ಚರ್ಚು ತಿರುಗಿ ನೋಡಿತು. ನಾನು ಕಡೆಯ ಅಸ್ತ್ರ ಬಿಟ್ಟೆ: “ಅಕ್ಕಾ, ನಾಳಿ ಸೋಮವಾರ ಐತಲ್ಲ!”

“ಆಕಿ ಭತ್ತ ನಾಳಿತನಕ ತಡಿಯಂಗಿಲ್ಲ.”

ಅಂದು ಸೋಮವಾರ ಭಾನುವಾರವೇ ಬಂದುಬಿಟ್ಟಿತ್ತು! ಮುಂದಿನ ಸಾಲಿನಿಂದ ಒಬ್ಬರು, “ಕಾಕಾರ, ಎಲ್ಲಿಗಿದ್ರೂ ಲಗೂನ ಹೋಗಿ ಬರ್ರಿ, ಪಲಾವು ಆರತೈತಿ” ಎಂದರು. ಒಂದೆರಡು ಕಡೆ ನಗು. “ಅಲ್ರಿ, ಇವರು ಹೋಗೋದರ ಎಲ್ಲಿಗೆ?” ಎಂದರು ಇನ್ನೊಬ್ಬರು.

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಎಲ್ಲಿಂದ ಧೈರ್ಯ ಬಂತೋ ಕಾಣೆ. ಅವಳ ಬಾಯಿಂದ ಅದು ಬರಬಾರದು ಎಂದಷ್ಟೇ ಅನ್ನಿಸಿತ್ತು. “ಕಾಲುವಿ ಏರಿಯೊಳಗ ನಂದೊಂದು ಪೈಪೈತಿ” ಎಂದೆ. “ಮಸ್ಕಿ ಕಡಿ ಒಬ್ಬಾಕಿ ಭತ್ತ ಒಣಗಾಕತ್ತೈತಿ. ಈ ಚೀಲ ಆಕಿ ನೀರಿಲೆ ತುಂಬೈತಿ. ನಮ್ಮಕ್ಕ ಅದಕ್ಕ ಪ್ರಭುಭೋಜನ ಬಿಟ್ಟಾಳ. ನಾ ಬಿಟ್ಟಿಲ್ಲ.”

ನಗು ಫಕ್ಕನೆ ನಿಂತಿತು. ಪಲಾವು ಆರುತ್ತದೆ ಎಂದವರು ವೇದಿಯ ಮುಂದಿನ ತಮ್ಮ ಚೀಲ ನೋಡಿಕೊಂಡರು. ಆಮೇಲೆ ನೆಲ ನೋಡಿದರು. ಆಮೇಲೆ ಎದ್ದರು. “ನಂದೂ ಒಂದೈತ್ರಿ...” ಎಂದರು. ಅವರ ಹಿಂದೆ ಇನ್ನೊಬ್ಬರು. ಮೂಲೆಯಲ್ಲಿ ಒಬ್ಬ, “ನಂದು ಸಣ್ಣ ಪೈಪು” ಎಂದ. “ಸಣ್ಣದರೊಳಗ ಹಾಲು ಬರತೈತೇನಲೇ? ಏಳು!” ಎಂದಳು ಅವನ ಹೆಂಡತಿ.

ಆಹಾ, ಆ ಮೆರವಣಿಗೆಯನ್ನು ನೀವು ನೋಡಬೇಕಾಗಿತ್ತು! ಮುಂದೆ ಆಟೋದಲ್ಲಿ ಅಕ್ಕ ಮತ್ತು ನಾನು, ಹಿಂದೆ ಹಬ್ಬದ ಬಿಳಿ ಅಂಗಿ ತೊಟ್ಟ ರೈತರ ಬೈಕುಗಳ ಸಾಲು. ಚರ್ಚಿನಲ್ಲಿ ಉಳಿದವರು ಹೆಂಗಸರು, ಕೋಳಿಗಳು ಮತ್ತು ಪಾಸ್ಟರು. ಅವರ ಪ್ರಸಂಗಕ್ಕೆ ಇಷ್ಟೊಂದು ಫಲ ಸಿಕ್ಕಿದ್ದು ಅದೇ ಮೊದಲಂತೆ. ಮುಖದಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು!

ಹುಸೇನಬೀ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದಳು. ನಮ್ಮನ್ನು ಕಂಡು ಕುಡುಗೋಲು ಹಿಡಿದೇ ಎದ್ದಳು. “ಯಾ ಅಲ್ಲಾ! ಇಷ್ಟು ಮಂದಿ ಬಿಳಿ ಬಟ್ಟಿ ಹಾಕ್ಕೊಂಡು... ಯಾರರ ತೀರಿ ಹೋಗ್ಯಾರೇನ್ರಿ?”

ನಾನು ಮುಂದೆ ಹೋಗಿ ಕೈ ಮುಗಿದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು.

“ಗೊರೇಬಾಳ ಎಲ್ಲಿ ಬರತೈತಿ ಅಂತ ಕೇಳಿದ ಅಜ್ಜ ಅಲ್ಲೇನು ನೀ?”

“ಅಲ್ಲೇ ಹುಟ್ಟೀನವಾ. ಅವತ್ತು ಸುಳ್ಳು ಹೇಳಿದೆ. ನಿನ್ನ ನೀರು ನನ್ನ ಗದ್ಯಾಗ ಐತಿ. ತಪ್ಪಾತು.”

ಅವಳು ಅಳುತ್ತಾಳೆ, ಇಲ್ಲವೇ “ಇರಲಿ ಬಿಡ್ರಿ ಅಜ್ಜಾರ” ಎನ್ನುತ್ತಾಳೆ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹುಸೇನಬೀ ಅಂಥವಳಲ್ಲ!

“ತಪ್ಪಾತು ಅಂದ್ರ ಭತ್ತಕ್ಕ ಹಾಲು ತುಂಬತೈತೇನು? ಮೊದಲ ನೀರು ಬಿಡ್ರಿ. ಮಾಫಿ ಆಮ್ಯಾಲ.” ಕುಡುಗೋಲು ಸೊಂಟಕ್ಕೆ ಸಿಗಿಸಿ ಆಟೋ ಹತ್ತಿದಳು. “ನಡೀರಿ, ನಾನೂ ಬರ್ತೀನಿ. ತಗಿಯೋದನ್ನ ನನ್ನ ಕಣ್ಣಿಲೆ ನೋಡ್ಬೇಕು. ನಿಮ್ಮ ಮಾತಿನ ಮ್ಯಾಲ ನನಗ ಭರೋಸಾ ಇಲ್ಲ.”

“ನನಗೂ ಇಲ್ಲವಾ” ಎಂದಳು ಅಕ್ಕ, ಸರಿದು ಜಾಗ ಮಾಡಿಕೊಡುತ್ತ.

ಪೈಪು ಹಾಕುವುದು ಎಷ್ಟು ಸಲೀಸು, ತೆಗೆಯುವುದು ಎಷ್ಟು ಕಷ್ಟ! ಮಣ್ಣು ಅದನ್ನು ತನ್ನ ಮಗುವಿನ ಹಾಗೆ ಅಪ್ಪಿಕೊಂಡಿತ್ತು. ಹಬ್ಬದ ಅಂಗಿಯ ತೋಳು ಮಡಚಿ ನಾಲ್ಕು ಜನ ಏರಿ ಅಗೆದರು. ನಾನು ಕಾಲುವೆಯ ಅಂಚಿನಲ್ಲಿ ನಿಂತು ಪೈಪಿನ ಬಾಯಿ ಹಿಡಿದು ಎಳೆದೆ. ಬರಲೊಲ್ಲದು. ಮತ್ತೆ ಎಳೆದೆ. ಬರಲೊಲ್ಲದು. “ಜೋರ್ ಎಳೀರಿ ಅಜ್ಜಾರ, ಹಾಕೋವಾಗ ತಾಕತ್ತಿತ್ತಲ್ಲ!” ಎಂದು ಹುಸೇನಬೀ ಏರಿಯ ಮೇಲಿಂದ ಕೂಗಿದಳು. ಸಿಟ್ಟು ಬಂದು ಒಮ್ಮೆಲೇ ಜಗ್ಗಿದೆ. ಪೈಪು ಬುಳಕ್ಕೆಂದು ಕಳಚಿ ಬಂತು, ಪೈಪಿನ ಸಮೇತ ನಾನು ಕಾಲುವೆಗೆ ಬಿದ್ದೆ! ರೇಷ್ಮೆ ಜುಬ್ಬಾ ಉಬ್ಬಿ ಕೊಡದ ಹಾಗೆ ತೇಲುತ್ತಿದ್ದ ನನ್ನನ್ನು ನಾಲ್ಕು ಕೈಗಳು ಎಳೆದು ದಡಕ್ಕೆ ಹಾಕಿದವು. ಬಾಯಲ್ಲಿ ರಾಡಿ, ಕಿವಿಯಲ್ಲಿ ರಾಡಿ. ಹುಸೇನಬೀ ಸೆರಗು ಬಾಯಿಗಿಟ್ಟು ನಗಲು ಶುರುಮಾಡಿದಳು. ನಿಲ್ಲಿಸಲಾಗದೆ ಏರಿಯ ಮೇಲೇ ಕುಸಿದು ಕೂತು ನಕ್ಕಳು.

“ಅರ್ಧ ಮಾಫಿ ಆತು ಅಜ್ಜಾರ” ಎಂದಳು ಕಡೆಗೆ. “ಉಳಿದರ್ಧ ನೀರು ಬಂದ ಮ್ಯಾಲ.”

ಆ ಮಧ್ಯಾಹ್ನ ಒಂದೊಂದಾಗಿ ಉಳಿದ ಪೈಪುಗಳೂ ಎದ್ದವು, ಏರಿಯ ತೂತುಗಳಿಗೆ ಮಣ್ಣು ಬಿತ್ತು. ಚರ್ಚಿಗೆ ಮರಳುವಷ್ಟರಲ್ಲಿ ಪಲಾವು ತಣ್ಣಗಾಗಿತ್ತು, ಕೋಳಿಗಳು ಕಟ್ಟು ಬಿಚ್ಚಿಕೊಂಡು ವೇದಿಯ ಮೇಲೆ ಓಡಾಡುತ್ತಿದ್ದವು. ಹುಸೇನಬೀ ನಮ್ಮೊಂದಿಗೆ ಕೂತು ಉಂಡು, “ಉಪ್ಪು ಕಮ್ಮಿ” ಎಂದಳು. ಅದು ನಿಜವೂ ಆಗಿತ್ತು.

ಬೆರಳೆಣಿಕೆಯ ಪೈಪು ತೆಗೆದರೆ ಕಾಲುವೆ ಸಮುದ್ರವಾಗುತ್ತದೆಯೇ? ಇಲ್ಲ. ನಮ್ಮೂರಿನ ಕೆಳಗೂ ಏರಿಗಳಿವೆ, ಏರಿಗಳಲ್ಲಿ ಪೈಪುಗಳಿವೆ, ಅಲ್ಲಿ ನಮ್ಮಕ್ಕ ಇಲ್ಲ. ಆದರೂ ಆ ವಾರ ಹುಸೇನಬೀಯ ಫೋನು ಬಂತು. “ನೀರು ಬಂದಾವ್ರಿ ಅಜ್ಜಾರ! ಆಡು ಎದ್ದು ಹೋಗ್ಯಾವ! ಎಲ್ಲಾ ಭತ್ತ ಉಳಿಯಂಗಿಲ್ಲ, ಮ್ಯಾಲಿನ ಮಡಿ ಉಳಿತೈತಿ. ಅಮ್ಮಾರಿಗೆ ಹೇಳ್ರಿ.” ಉಳಿದರ್ಧ ಮಾಫಿಯ ಮಾತು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. ನನ್ನ ಹಿಂದಿನ ಮಡಿಯ ಭತ್ತ ಸ್ವಲ್ಪ ಬಾಡಿತು. ಅದನ್ನೂ ಯಾರಿಗೂ ಹೇಳಲಿಲ್ಲ.

ಮುಂದಿನ ಮೊದಲ ಭಾನುವಾರ ಬಂತು. ಅಕ್ಕ ನನ್ನ ತೋಳು ಹಿಡಿದು ವೇದಿಯ ತನಕ ನಡೆದಳು. ಮೊಣಕಾಲೂರುವುದು ಇಬ್ಬರಿಗೂ ಒಂದು ಸಾಹಸ. ಅವಳ ಭಾರ ನಾನು ಹಿಡಿದೆ, ನನ್ನ ಭಾರ ಅವಳು, ಹೇಗೋ ಇಬ್ಬರೂ ನೆಲ ಮುಟ್ಟಿದೆವು. ಪಾಸ್ಟರ್ ತಟ್ಟೆ ಹಿಡಿದು ನಮ್ಮ ಮುಂದೆ ಬಂದರು. ಹಿಂದೆ ಸಲೀಸಾಗಿ ಚಾಚಿದ ಕೈ ಈ ಸಲ ಏಳಲೇ ಇಲ್ಲ. ನಾನು ತಲೆ ತಗ್ಗಿಸಿದೆ. ಪಕ್ಕದಿಂದ ಮೊಣಕೈ ತಿವಿಯಿತು.

“ಚಾಚಲೇ” ಎಂದು ಪಿಸುಗುಟ್ಟಿದಳು. “ನೀ ಚಾಚೋ ತನಕ ನಾನೂ ಚಾಚಂಗಿಲ್ಲ.”

ಚಾಚಿದೆ. ಅವಳೂ ಚಾಚಿದಳು. ಇಡೀ ಸಿಂಧನೂರನ್ನು ನಡುಗಿಸಿದ ಆ ಕೈ ಎಲೆಯ ಹಾಗೆ ನಡುಗುತ್ತಿತ್ತು. ರೊಟ್ಟಿಯ ಚೂರು ಕೆಳಗೆ ಬಿದ್ದೀತೆಂದು ನನ್ನ ಇನ್ನೊಂದು ಅಂಗೈಯನ್ನು ಅದರ ಅಡಿಗೆ ಇಟ್ಟೆ. ಅಷ್ಟು ಹಗುರವಾಗಿದ್ದಾಳೆಂದು ನನಗೆ ಯಾವತ್ತೂ ಗೊತ್ತಿರಲಿಲ್ಲ. ಅವಳು ಚೂರನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ. ನನಗೆ ಭಯವಾಗಿ, “ಅಕ್ಕಾ?” ಎಂದೆ.

ಅಕ್ಕ ಕಣ್ಣು ತೆರೆದಳು. ನನ್ನ ಮೇಲೆ ಹುಕುಂ ಚಲಾಯಿಸುವ ದನಿ ಅದಾಗಿರಲಿಲ್ಲ. ಪುಟ್ಟ ಹುಡುಗಿಯೊಬ್ಬಳ ದನಿ.

“ಭಾಳ ಹಸಿವಾಗಿತ್ತು ತಮ್ಮಾ” ಎಂದಳು.